ಕಂಬ ಇಳಿಸುವ ಜ್ಞಾನು ಮಿಸ್ತ್ರಿ

ಗೋದಾಮಿನಲ್ಲಿ ಇರುವವರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ. ಜ್ಞಾನು ಐನಾಪುರೆ ಮಾತ್ರ ಎದುರಿಗಿರುವ ಸರಪಳಿಯನ್ನು ನೋಡುತ್ತಿದ್ದಾರೆ.

ಬೆಳಗಿನ ಆರು ಹೊಡೆಯಲು ಇನ್ನೂ ಹತ್ತು ನಿಮಿಷವಿದೆ. ಇದು ಇಚಲಕರಂಜಿಯಿಂದ ಕಬನೂರಿಗೆ ಹೋಗುವ ದಾರಿಯ ಮೇಲಿನ ಒಂದು ನೂಲಿನ ಗಿರಣಿ. ಬೇಲುಗಳ, ಅಂದರೆ ಒತ್ತಿ ಪಟ್ಟಿ ಬಿಗಿದ ಹತ್ತಿ ಮೂಟೆಗಳ, ಒಟ್ಟಿಲಿನ ಮುಂದೆ ಹಳದಿ ಬಣ್ಣ ಅರ್ಧ ಕಿತ್ತುಹೋದ ಫೋರ್ಕ್‌ಲಿಫ್ಟ್ ನಿಂತಿದೆ. ಮುಂಬಯಿ ಬಂದರಿನಲ್ಲಿ ಹಡಗಿನ ಸರಕು ಎತ್ತಿ ಎತ್ತಿ ಸವೆದ ಮೇಲೆ ಇಲ್ಲಿಗೆ ಬಂದ ಯಂತ್ರ ಅದು. ಅದರ ಮುಂಭಾಗದಲ್ಲಿ ಒಂದರೊಳಗೊಂದು ಜಾರುವ ಎರಡು ಉಕ್ಕಿನ ಚೌಕಟ್ಟುಗಳಿವೆ. ಇಂಗ್ಲಿಷಿನವರು ಅದಕ್ಕೆ ಮಾಸ್ಟ್ ಎನ್ನುತ್ತಾರೆ, ಇಲ್ಲಿಯ ಹಮಾಲರು ಕಂಬ ಎನ್ನುತ್ತಾರೆ. ಎಣ್ಣೆಯ ಒತ್ತಡ ಒಳಗಿನ ಕಂಬವನ್ನು ಮೇಲಕ್ಕೆ ನೂಕುತ್ತದೆ. ಕಂಬದ ಸರಪಳಿ ಮುಂದಿನ ಉಕ್ಕಿನ ಪಂಜವನ್ನು ಎಳೆದುಕೊಂಡು ಏರುತ್ತದೆ. ಆ ಪಂಜದ ಮೇಲೆ ಈಗ ಎರಡು ಬೇಲುಗಳಿವೆ. ನೆಲದಿಂದ ಹನ್ನೊಂದು ಅಡಿ ಎತ್ತರ. ಬೇಲಿನ ಮೇಲೆ ಬೋರಲಾಗಿ ಒಬ್ಬ ಮನುಷ್ಯ ಬಿದ್ದುಕೊಂಡಿದ್ದಾನೆ. ಎದೆಯಿಂದ ಸೊಂಟದ ತನಕ ಅವನ ಮೈ ಬೇಲಿಗೂ ಮಾಳಿಗೆಯ ಕಬ್ಬಿಣದ ತೊಲೆಗೂ ನಡುವೆ ಸಿಕ್ಕಿಕೊಂಡಿದೆ.

ಅವನ ಹೆಸರು ಹಣಮಪ್ಪ. ಸುಳಕೂಡದವನು, ಮೂವತ್ತರ ಹಮಾಲ. ಒಟ್ಟಿಲಿನ ತುದಿಗೆ ಹತ್ತಿ ಬೇಲು ಸರಿಸಿಕೊಳ್ಳಬೇಕಾದಾಗ ಏಣಿ ಹುಡುಕುವುದು ಬೇಸರವೆಂದು ಬೇಲಿನ ಮೇಲೆಯೇ ಕೂತು ಏರುವುದು ಇಲ್ಲಿ ರೂಢಿ. ಇವತ್ತೂ ಹಾಗೆಯೇ ಏರಿದ. ಬೇಲಿನ ಅಂಚು ಒಟ್ಟಿಲಿಗೆ ತಾಗಿತು. “ಇನ್ನೊಂದೀಟ ಎತ್ತು” ಎಂದ. ಚಾಲಕ ಗುಂಡು ಎತ್ತಿದ. ಒಂದು ಗೇಣು ಹೆಚ್ಚಾಯಿತು. ಗುಂಡು ಆ ಕ್ಷಣವೇ ಇಳಿಸುವ ಹಿಡಿಕೆ ಎಳೆದ. ಕಂಬ ಇಳಿಯಲಿಲ್ಲ. ಮತ್ತೆ ಎಳೆದ. ಇಳಿಯಲಿಲ್ಲ.

ಈ ಲೇಖನ ಬರೆಯಲೆಂದು ನಾನು ಹಿಂದಿನ ಸಂಜೆಯೇ ಕಬನೂರಿಗೆ ಬಂದು ಜ್ಞಾನು ಅವರ ಮನೆಯಲ್ಲಿ ಉಳಿದಿದ್ದೆ. ಬೆಳಗಿನ ಚಹಾದ ಜೊತೆಗೆ ಅವರ ಕೆಲಸದ ಬಗ್ಗೆ ಕೇಳಬೇಕೆಂದುಕೊಂಡಿದ್ದೆ. ಚಹಾ ಕುದಿಯುವ ಮೊದಲೇ ಗಿರಣಿಯ ಸೈಕಲ್ ಬಾಗಿಲಿಗೆ ಬಂತು. ಜ್ಞಾನು ಗೋಡೆಯ ಚೀಲ ಇಳಿಸಿಕೊಂಡರು. ಅವರ ಸೈಕಲ್ಲಿನ ಹಿಂದೆ ಕುಳಿತು ನಾನೂ ಬಂದೆ.

ಈಗ ಅವರು ಯಂತ್ರದ ಪಕ್ಕಕ್ಕೆ ನಿಂತು, ಮುಂದಕ್ಕೆ ಬಾಗದೆ, ಕೈ ಮಾತ್ರ ಚಾಚಿ ಸರಪಳಿಯನ್ನು ಎರಡು ಬೆರಳಿನಿಂದ ಒತ್ತುತ್ತಾರೆ. ಒಂದು ಬದಿ, ಆಮೇಲೆ ಇನ್ನೊಂದು ಬದಿ. ಎರಡೂ ವೀಣೆಯ ತಂತಿಯ ಹಾಗೆ ಬಿಗಿಯಾಗಿವೆ.

“ಗುಂಡು, ಯಂಜಿನ ಬಂದ್ ಐತೇನ?”

“ಬಂದ್ ಐತ್ರಿ ಮಿಸ್ತ್ರಿ.”

“ಕೀಲಿ?”

“ನನ್ನ ಕಿಸೆದಾಗ ಐತ್ರಿ.”

“ಅಲ್ಲೇ ಇರಲಿ. ಕೈ ಹಚ್ಚಬ್ಯಾಡ.” ಆಮೇಲೆ ಕತ್ತೆತ್ತಿ, ಮನೆಯಂಗಳದಲ್ಲಿ ಮಾತಾಡಿಸುವಷ್ಟೇ ಮೆಲ್ಲಗೆ ಕೇಳುತ್ತಾರೆ: “ಹಣಮಪ್ಪಾ, ನಾ ಜ್ಞಾನು ಬಂದೇನಿ. ಕೇಳಸ್ತೈತೇನ?”

“ಉಸರ ಬರವಲ್ದು ಮಿಸ್ತ್ರಿ...”

“ಸಣ್ಣಗ ತಗೋ ಉಸರ. ಭಾಳ ಮಾತಾಡಬ್ಯಾಡ. ನಾ ಕೇಳಿದ್ದಕ್ಕ ಬರೇ ಹೂಂ ಅನ್ನು.”

ಮೇಲಿನಿಂದ ಒಂದು ಹೂಂ ಬರುತ್ತದೆ.

ಗೋದಾಮಿನ ಉಸ್ತುವಾರಿ ಬಾಹುಬಲಿ ಚೌಗುಲೆ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದಾರೆ. “ಪೈಪ ಬಿಚ್ಚಿಬಿಡ್ರಿ ಜ್ಞಾನು. ಎಣ್ಣಿ ಹೋಗಲಿ. ಕಂಬ ತಾನs ಇಳಿತೈತಿ.”

“ಇಳಿತೈತ್ರಿ. ಒಮ್ಮೆಲೆ ಇಳಿತೈತಿ. ಅವನೂ ಅದರ ಕೂಡ ಬರತಾನ.”

ಇಷ್ಟರಲ್ಲಿ ಹಮಾಲನೊಬ್ಬ ಕೊಡಲಿ ಹಿಡಿದು ಒಟ್ಟಿಲು ಹತ್ತಲು ಶುರುಮಾಡಿದ್ದಾನೆ. ಬೇಲಿಗೆ ಬಿಗಿದ ಕಬ್ಬಿಣದ ಪಟ್ಟಿ ಕಡಿದರೆ ಹತ್ತಿ ಸಡಿಲಾಗುತ್ತದೆ, ಗೆಳೆಯ ಹೊರಗೆ ಬರುತ್ತಾನೆ ಎಂಬುದು ಅವನ ಲೆಕ್ಕ. ನೋಡಿದರೆ ಸರಿಯೆನಿಸುವ ಲೆಕ್ಕವೇ. ಅಷ್ಟು ಹೊತ್ತು ಮೆಲ್ಲಗೆ ಮಾತಾಡುತ್ತಿದ್ದ ಜ್ಞಾನು ಇಡೀ ಗೋದಾಮು ನಡುಗುವಂತೆ ಕೂಗುತ್ತಾರೆ.

“ಥಾಂಬ್! ನಿಂದ್ರು! ಕೊಡಲಿ ಕೆಳಗ ಇಡು! ಪ್ರೆಸ್ ಮಾಡಿದ ಹತ್ತಿ ಐತದು. ಪಟ್ಟಿ ಕಡದಿ ಅಂದ್ರ ಉಬ್ಬತೈತಿ. ಉಬ್ಬಿದ್ರ ಅವನ ಸೊಂಟ ಉಳಿತೈತೇನು?”

ಕೊಡಲಿ ಕೆಳಗೆ ಬೀಳುತ್ತದೆ. ಆ ಹಮಾಲ ಅಲ್ಲಿಯೇ ಕುಕ್ಕರಿಸಿ ಮುಖ ಮುಚ್ಚಿಕೊಳ್ಳುತ್ತಾನೆ.

ಜ್ಞಾನು ಅವರಿಗೆ ಈಗ ಮೂವತ್ತೆಂಟು. ಕುಳ್ಳಗಿನ ಆಳು, ಅಗಲ ಭುಜ. ಎಡಗೈಯ ತೋರುಬೆರಳಿನ ತುದಿ ಇಲ್ಲ. ಮೂಲ ಊರು ಬೆಳಗಾವಿ ಜಿಲ್ಲೆಯ ಐನಾಪುರ. ಊರಲ್ಲಿ ಸತ್ತ ದನ ಹೊರುವುದು ಅವರ ಮನೆತನದ ಪಾಲಿಗೆ ಬಂದಿದ್ದ ಕೆಲಸ. ಹತ್ತು ವರ್ಷದ ಹಿಂದೆ, ಐವತ್ತಾರರಲ್ಲಿ, ಅಪ್ಪ ಬೌದ್ಧ ಧರ್ಮ ಸ್ವೀಕರಿಸಿ ಬಂದವರು ಆ ಕೆಲಸ ಇನ್ನು ಮಾಡುವುದಿಲ್ಲವೆಂದು ಊರ ಹಿರಿಯರ ಮುಂದೆ ಹೇಳಿದರು. ಮರುವರ್ಷ ಇಡೀ ಸಂಸಾರ ಇಚಲಕರಂಜಿಗೆ ಬಂತು. ಅಪ್ಪ ಮಗ್ಗದ ಶೆಡ್ಡಿನಲ್ಲಿ ಕಸ ಹೊಡೆದರು. ಮಗ ಜ್ಞಾನು, ಶ್ರೀಪಾಲ ಮಿಸ್ತ್ರಿ ಎಂಬವರ ಗ್ಯಾರೇಜಿನಲ್ಲಿ ಲಾರಿಯ ಜ್ಯಾಕು ತೊಳೆಯಲು ನಿಂತರು.

ಎಣ್ಣೆಯ ಜ್ಯಾಕಿನೊಳಗೆ ಎಣ್ಣೆ ಸೋರದಂತೆ ತಡೆಯುವುದು ಬಟ್ಟಲಿನಾಕಾರದ ಒಂದು ಚರ್ಮದ ವಾಶರು. ಅದು ಸವೆದರೆ ಮುಂಬಯಿಯಿಂದ ಬರುವ ತನಕ ಲಾರಿ ನಿಲ್ಲಬೇಕು. ಜ್ಞಾನು ಎಮ್ಮೆಯ ಚರ್ಮ ತಂದು, ಎಣ್ಣೆಯಲ್ಲಿ ನೆನೆಸಿ, ಮರದ ಅಚ್ಚಿನಲ್ಲಿ ಒತ್ತಿ ಅಂಥ ವಾಶರನ್ನು ತಾವೇ ಮಾಡಿದರು. ಅದು ಮುಂಬಯಿಯ ಮಾಲಿಗಿಂತ ಎರಡು ತಿಂಗಳು ಹೆಚ್ಚು ಬಾಳಿತು. ಗ್ಯಾರೇಜಿನಲ್ಲಿ ಎಲ್ಲರೂ ಹೊಗಳಿದರು, ಮನೆಯಲ್ಲಿ ಅಪ್ಪ ಅನ್ನದ ತಟ್ಟೆ ಸರಿಸಿ ಎದ್ದುಹೋದರು. ಬಿಟ್ಟು ಬಂದ ಚರ್ಮವನ್ನು ಮಗ ಮತ್ತೆ ಕೈಯಲ್ಲಿ ಹಿಡಿದನಲ್ಲ ಎಂಬ ಸಿಟ್ಟು.

“ನಾ ಅಪ್ಪಗ ಹೇಳಿದೆ,” ಎಂದು ಜ್ಞಾನು ಹಿಂದಿನ ಸಂಜೆ ನನಗೆ ಹೇಳಿದ್ದರು. “ಇದನ್ನ ಊರವರು ಹೇಳ್ಯಾರಂತ ಮಾಡಾಕತ್ತಿಲ್ಲ, ನಾ ಕಲತು ಮಾಡಾಕತ್ತೇನಿ ಅಂದೆ. ಎಂಟ ದಿನ ಮಾತಾಡಲಿಲ್ರಿ. ಒಂಬತ್ತನೇ ದಿನಾ ಗ್ಯಾರೇಜಿಗೆ ಬಂದ ನಿಂತ. ಜ್ಯಾಕ ಹಚ್ಚಿ ಲಾರಿ ಎತ್ತಿ ತೋರ್ಸಿದೆ. ಸುತ್ತ ತಿರಗಿ ನೋಡಿದ. ‘ಇಷ್ಟ ಸಣ್ಣ ಚರ್ಮ ಇಷ್ಟ ದೊಡ್ಡ ಲಾರಿ ಹಿಡಿತೈತೇನ’ ಅಂತ ಕೇಳಿದ.”

ಇವತ್ತು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಕಡೆ ಸೇರಿ ಜ್ಞಾನು ಬಲ್ಲ ಫೋರ್ಕ್‌ಲಿಫ್ಟುಗಳು ಒಂಬತ್ತು. ಅವುಗಳಲ್ಲಿ ಯಾವುದೂ ಹೊಸದಲ್ಲ. ಈ ನಾಲ್ಕು ವರ್ಷಗಳಲ್ಲಿ ಮೇಲೆ ನಿಂತು ಇಳಿಯದ ಕಂಬಗಳನ್ನು ಇಪ್ಪತ್ತಾರು ಸಲ ಅವರು ಇಳಿಸಿದ್ದಾರೆ. ಇದಲ್ಲದೆ ತಿಂಗಳಿಗೆ ಮೂವತ್ತು ಮೂವತ್ತೈದು ಜ್ಯಾಕು, ಒಂದೆರಡು ಬೇಲಿನ ಪ್ರೆಸ್ಸು. ದಿನಕ್ಕೆ ಹತ್ತು ಹನ್ನೆರಡು ಮೈಲಿ ಸೈಕಲ್ಲು. ಕೊಲ್ಲಾಪುರಕ್ಕೂ ಗಡಹಿಂಗ್ಲಜಕ್ಕೂ ಸರಕಾರಿ ಎಸ್‌ಟಿ ಬಸ್ಸು. ಯಾವ ಗಿರಣಿಯ ಹಾಜರಿ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಯಂತ್ರ ನಿಂತಾಗ ಕರೆಯುತ್ತಾರೆ, ನಡೆದಾಗ ಮರೆಯುತ್ತಾರೆ. ಕೊಲ್ಲಾಪುರದ ಒಂದು ಕಾರ್ಖಾನೆಯಲ್ಲಿ ಅವರಿಗೆ ನೀರನ್ನು ಇವತ್ತಿಗೂ ಹೊರಗಿನ ನಳದಲ್ಲೇ ತೋರಿಸುತ್ತಾರೆ. ಅದನ್ನು ಹೇಳುವಾಗ ಜ್ಞಾನು ದನಿ ಏರಿಸಲಿಲ್ಲ, “ಆ ಯಂತ್ರ ನಾ ಮುಟ್ಟಿದ್ರs ನಡಿತೈತ್ರಿ” ಎಂದರು.

ಗೋದಾಮಿನಲ್ಲಿ ಈಗ ಬೆಳಕು ಹರಿಯುತ್ತಿದೆ. ಜ್ಞಾನು ಹಿಂದಿನ ಎಣ್ಣೆ ಪೈಪು ಜೋಡಿಸುವ ನಟ್ಟನ್ನು ಪರೀಕ್ಷೆಗೆಂದು ಕಾಲು ಸುತ್ತು ಮಾತ್ರ ಸಡಿಲಿಸುತ್ತಾರೆ. ನಾಲ್ಕು ಹನಿ ಎಣ್ಣೆ ಬಂದು ನಿಲ್ಲುತ್ತದೆ. ಅವರು ನಟ್ಟು ಬಿಗಿದು ಬಾಹುಬಲಿಯವರಿಗೆ ತೋರಿಸುತ್ತಾರೆ.

“ನೋಡ್ರಿ, ಸರಪಳಿ ಬಿಗಿ ಐತಿ. ಅಂದ್ರ ಭಾರ ಎಣ್ಣಿ ಹಿಡದೈತಿ, ಕಬ್ಬಣ ಎಲ್ಲೂ ಸಿಕ್ಕಿಲ್ಲ. ಆದ್ರ ಎಣ್ಣಿ ಇಲ್ಲಿ ತನಕ ಬರವಲ್ದು. ಸಿಲಿಂಡರಿನ ಬುಡದಾಗ ಒಂದ ಬಾಗಲಾ ಐತಿ. ಎಣ್ಣಿ ಒಳಗ ಹೋಗುವಾಗ ಪೂರಾ ತೆರಿತೈತಿ. ಹೊರಗ ಬರುವಾಗ ಸಣ್ಣ ಸಂದಿ ಅಷ್ಟs ಬಿಡತೈತಿ, ಭಾರ ಧೊಪ್ಪಂತ ಬೀಳಬಾರದು ಅಂತ. ಆ ಸಂದ್ಯಾಗ ಏನೋ ಕುಂತೈತಿ.”

“ಹಂಗಾದ್ರ ಆ ಬಾಗಲಾ ಬಿಚ್ಚೂಣು?”

“ಅದನ್ನ ಬಿಚ್ಚಿದ್ರ ಇಷ್ಟ ದೊಡ್ಡ ತೂತು ಬೀಳತೈತಿ.” ಜ್ಞಾನು ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸುತ್ತಾರೆ. “ಮೂರ ಸೆಕೆಂಡಿನ್ಯಾಗ ಎಲ್ಲಾ ಕೆಳಗ.”

ಉಳಿದಿರುವುದು ಒಂದೇ ದಾರಿ. ಸಿಲಿಂಡರಿನ ತಲೆಯಲ್ಲಿ, ಚಾಲಕನ ಕುರ್ಚಿಯ ಮೇಲೆ ನಿಂತರೆ ಕೈಗೆಟಕುವ ಎತ್ತರದಲ್ಲಿ, ಒಳಗೆ ಸೇರಿದ ಗಾಳಿ ಬಿಡಲು ಇಟ್ಟ ಒಂದು ಸಣ್ಣ ತಿರುಪು ಇದೆ. ಅದನ್ನು ಸ್ವಲ್ಪ ಸಡಿಲಿಸಿದರೆ ಎಣ್ಣೆ ದಾರದಂತೆ ಹೊರಬರುತ್ತದೆ, ಕಂಬ ಮೆಲ್ಲಗೆ ಇಳಿಯುತ್ತದೆ. ಆದರೆ ಆ ತಿರುಪಿನ ಮೇಲೆ ಮೂರು ಪದರ ಬಣ್ಣವಿದೆ. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿಲ್ಲ. ಅದು ಕಿತ್ತು ಬಂದರೆ ಏನು ಗತಿ? ಅದಕ್ಕಾಗಿ ಮೊದಲು ಕಂಬಕ್ಕೆ ಆಸರೆ ಬೇಕು.

“ಐದ ಫೂಟಿನ ಜಾಲಿ ತೊಲಿ ತರ್ರಿ. ಬೇಲಿನ ಬುಡಕ್ಕ ಹಾಕತೀರಲ್ಲ, ಆ ಕಟ್ಟಿಗಿ ತುಂಡ ಐದು. ಗರಗಸಾ ತರ್ರಿ.”

“ಅದಕ್ಕೆಲ್ಲ ಹೊತ್ತ ಎಲ್ಲಿ ಐತ್ರಿ!” ಬಾಹುಬಲಿಯವರು ಕೂಗುತ್ತಾರೆ. “ಅಂವ ಸಾಯಾಕತ್ತಾನ ಮ್ಯಾಲ!”

“ಹೊತ್ತ ಇಲ್ಲ ಅಂತs ತರ್ರಿ ಅನ್ನಾಕತ್ತೇನಿ. ಓಡ್ರಿ.”

ನಾಲ್ವರು ಓಡುತ್ತಾರೆ. ಗುಂಡು ಹಗ್ಗ ಹೆಗಲಿಗೇರಿಸಿ ಒಟ್ಟಿಲಿನ ಹಿಂಬದಿಯಿಂದ ಮೇಲೆ ಹತ್ತುತ್ತಾನೆ. ಹಣಮಪ್ಪನ ಕಂಕುಳ ಸುತ್ತ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ಪಕ್ಕದ ತೊಲೆಗೆ ಕಟ್ಟಬೇಕು. ಜ್ಞಾನು ಕೆಳಗಿನಿಂದ ಒಂದೊಂದೇ ಗಂಟು ಹೇಳುತ್ತಾರೆ. ನಡುನಡುವೆ ಹಣಮಪ್ಪನನ್ನೂ ಮಾತಾಡಿಸುತ್ತಾರೆ.

“ಸುಳಕೂಡದಾಗ ಈ ಸಲ ಜ್ವಾಳಾ ತೆನಿ ಹಿಡದೈತೇನ?”

“ಹೂಂ.”

“ನಿಂದs ಹೊಲಾ, ಪಾಲಿಂದೋ?”

“ಪಾ...”

“ಸಾಕ್ ಸಾಕು. ಹೂಂ ಅನ್ನು ಅಂದೇನಿ.”

ಮುಂದಿನ ಪ್ರಶ್ನೆಗೆ ಹೂಂ ಬರುವುದಿಲ್ಲ. ಗುಂಡು ಮೇಲಿನಿಂದ ಕೂಗುತ್ತಾನೆ: “ಕಣ್ಣ ಮುಚ್ಚ್ಯಾನ್ರಿ ಮಿಸ್ತ್ರಿ!”

“ಗಲ್ಲಕ್ಕ ಹೊಡಿ. ಹೊಡಿ ಅಂದ್ರ ಹೊಡಿ!”

ಏಟಿನ ಸದ್ದು ಕೇಳುತ್ತದೆ. ಆಮೇಲೆ ನರಳುವ ಸದ್ದು. ಬದುಕಿದ್ದಾನೆ.

ಕಂಬದ ಕೆಳಗೆ ಆಸರೆಯಿಲ್ಲದೆ ಕೈ ಹಾಕಬಾರದು ಎಂಬುದನ್ನು ಜ್ಞಾನು ಕಲಿತದ್ದು ಗಡಹಿಂಗ್ಲಜದಲ್ಲಿ, ೧೯೫೯ರ ಬೇಸಗೆಯಲ್ಲಿ. ರಸ್ತೆ ಕೆಲಸದ ಲಾರಿಯೊಂದು ಜಲ್ಲಿ ಸುರಿದ ಮೇಲೆ ಮೇಲೆತ್ತಿದ ಅದರ ಹಿಂದಿನ ಡಬ್ಬ ಕೆಳಗಿಳಿಯಲಿಲ್ಲ. ಶ್ರೀಪಾಲ ಮಿಸ್ತ್ರಿ ಪೈಪು ಬಿಚ್ಚಿದರು, ಎಣ್ಣೆಯೆಲ್ಲ ಹೋಯಿತು, ಆದರೂ ಡಬ್ಬ ಅಲ್ಲಾಡಲಿಲ್ಲ. ಮಡಚುವ ಕೀಲಿನಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಮಿಸ್ತ್ರಿ ಅದನ್ನು ನೋಡಲು ಕೆಳಗೆ ನುಸುಳಿ ಸುತ್ತಿಗೆ ಕೇಳಿದರು. ಜ್ಞಾನು ಕೊಟ್ಟರು. ಒಂದೇ ಏಟಿಗೆ ಕಲ್ಲು ಹಾರಿತು. ತಡೆಯಲು ಎಣ್ಣೆಯೂ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ. ಡಬ್ಬ ಮಿಸ್ತ್ರಿಯ ಮೇಲೆ ಕುಸಿಯಿತು, ಅವರು ಉಳಿಯಲಿಲ್ಲ.

“ನಾ ಕೊಟ್ಟ ಸುತ್ತಿಗಿ ಅದು,” ಎಂದರು ಜ್ಞಾನು. “ಹಿಡದಾವ ಯಾರು ಅಂತ ಮೊದಲ ಕೇಳಬೇಕ್ರಿ. ಎಣ್ಣಿ ಹಿಡದೈತೋ, ಕಬ್ಬಣ ಹಿಡದೈತೋ. ಅದ ತಿಳೀದs ಏನೂ ಬಿಚ್ಚಬಾರದು, ಏನೂ ಬಡೀಬಾರದು. ಉಸ್ತಾದಗ ಅದು ಗೊತ್ತಿರಲಿಲ್ಲ ಅಂತಲ್ಲ. ಅವತ್ತ ಹಿಂದ ನಾಕ ಲಾರಿ ನಿಂತು ಹಾರ್ನ್ ಹೊಡ್ಯಾಕತ್ತಿದ್ದೂ.”

ಅವರ ಎಡಗೈ ಬೆರಳಿನ ತುದಿ ಹೋದದ್ದು ಬೇರೆ ಸಲ, ಕೊಲ್ಲಾಪುರದಲ್ಲಿ. ಸೂಜಿಯಷ್ಟು ಸಣ್ಣ ತೂತಿನಿಂದ ಎಣ್ಣೆ ಚಿಮ್ಮುತ್ತಿತ್ತು. ಎಲ್ಲಿಂದ ಎಂದು ಬೆರಳಿಟ್ಟು ನೋಡಿದರು. ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಯಿತು. ಮೂರನೇ ದಿನ ವೈದ್ಯರು ಬೆರಳಿನ ತುದಿ ತೆಗೆದರು.

ತೊಲೆ ಬಂದಿದೆ. ಗರಗಸ ಆಡುತ್ತದೆ. ಒಳಗಿನ ಕಂಬದ ಅಡ್ಡಪಟ್ಟಿಗೂ ಯಂತ್ರದ ಬುಡಕ್ಕೂ ನಡುವೆ ಜಾಲಿ ತೊಲೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಮೂರು ಬೆರಳು ದಪ್ಪದ ಕಟ್ಟಿಗೆ ತುಂಡುಗಳನ್ನು ಜ್ಞಾನು ಒಂದರ ಮೇಲೊಂದು ಪೇರಿಸುತ್ತಾರೆ. ನಾಲ್ಕು ತುಂಡು ಹಿಡಿಯುತ್ತವೆ. ಮೇಲೆ ಒಂದೇ ಬೆರಳಿನಷ್ಟು ಸಂದಿ ಉಳಿದಿದೆ. ಕೈ ಒಳಗೆ ಹಾಕುವುದಿಲ್ಲ. ಎಲ್ಲವನ್ನೂ ಉದ್ದನೆಯ ಕೊಕ್ಕೆಯಿಂದಲೇ ಸರಿಸುತ್ತಾರೆ.

“ಕೇಳ್ರಿ,” ಎಂದು ಬಾಹುಬಲಿಯವರ ಕೈಗೆ ಕೊಕ್ಕೆ ಕೊಡುತ್ತಾರೆ. “ಒಳಗಿನ ಕಂಬ ಒಂದ ಬೆರಳ ಇಳಿದ್ರ ಮ್ಯಾಲ ಬೇಲು ಎರಡ ಬೆರಳ ಇಳಿತೈತಿ. ಅವನ್ನ ಬಿಡಸಾಕ ಮ್ಯಾಲ ಒಂದೂವರಿ ಗೇಣ ಬೇಕು. ಅಂದ್ರ ಇಲ್ಲಿ ಮುಕ್ಕಾಲ ಗೇಣ. ನಾ ಹಾಂ ಅಂದಾಗೊಮ್ಮೆ ಒಂದ ತುಂಡ ಎಳೀರಿ. ಪಕ್ಕಕ್ಕ ನಿಂತ ಎಳೀರಿ. ಮುಂದ ಕಾಲ ಇಡಬ್ಯಾಡ್ರಿ.”

“ನಾನs ಏನ್ರಿ?”

“ನೀವs.”

ಜ್ಞಾನು ಹಾಂ ಎನ್ನುತ್ತಾರೆ, ಮೊದಲ ತುಂಡು ಹೊರಗೆ ಬರುತ್ತದೆ. ಮೂರು ತುಂಡು ಉಳಿಯುತ್ತವೆ. ಜ್ಞಾನು ಚಾಲಕನ ಕುರ್ಚಿ ಹತ್ತುತ್ತಾರೆ. ತಿರುಪಿನ ಸುತ್ತಲಿನ ಬಣ್ಣವನ್ನು ಉಳಿಯಿಂದ ಕೆರೆಯುತ್ತಾರೆ, ಸೀಮೆಎಣ್ಣೆ ಬಿಡುತ್ತಾರೆ, ಕಾಯುತ್ತಾರೆ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ತಿರುಪಿನ ಮುಂದೆ ಇಳಿಬಿಟ್ಟು, ತಿರುಪುಳಿ ಇಟ್ಟು ಒತ್ತುತ್ತಾರೆ. ತಿರುಗುವುದಿಲ್ಲ. ಮತ್ತೆ ಒತ್ತುತ್ತಾರೆ. ‘ಟಿಕ್’ ಎಂಬ ಸದ್ದು. ಮುರಿದದ್ದೋ ಸಡಿಲಾದದ್ದೋ ಕೆಳಗಿದ್ದ ನಮಗೆ ತಿಳಿಯುವುದಿಲ್ಲ.

ಸುಯ್ಯೆಂದು ಎಣ್ಣೆ ಗೋಣಿಚೀಲಕ್ಕೆ ಹೊಡೆಯುತ್ತದೆ. ಕಂಬ ಅಲ್ಲಾಡುತ್ತದೆ. ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ಆದರೆ ಇಳಿಯುತ್ತಿದೆ. ಸಂದಿ ಒಂದು ಬೆರಳಿಗೆ ಬರುವಾಗ ಜ್ಞಾನು ತಿರುಪು ಬಿಗಿಯುತ್ತಾರೆ. ನಿಲ್ಲುತ್ತದೆ.

“ಹಾಂ.”

ಬಾಹುಬಲಿಯವರು ಎಳೆಯುತ್ತಾರೆ. ಎರಡು ತುಂಡು ಉಳಿಯುತ್ತವೆ. ಮೇಲೆ ಹಣಮಪ್ಪ ಮೊದಲ ಸಲ ತುಂಬು ಉಸಿರು ಎಳೆದುಕೊಂಡ ಸದ್ದು ಇಡೀ ಗೋದಾಮಿಗೆ ಕೇಳುತ್ತದೆ.

ಎರಡನೇ ಸಲ ತಿರುಪು ಸಡಿಲಿಸಿ ಮತ್ತೆ ಬಿಗಿಯುವಾಗ ಅದು ಬಿಗಿಯುವುದಿಲ್ಲ. ಹಳೆಯ ತಿರುಪಿನ ಹಲ್ಲು ಹೋಗಿದೆ. ಎಷ್ಟು ತಿರುಗಿಸಿದರೂ ಎಣ್ಣೆ ಬರುತ್ತಲೇ ಇದೆ. ಕಂಬ ನಿಲ್ಲದೆ ಇಳಿದು ಕಟ್ಟಿಗೆ ತುಂಡಿನ ಮೇಲೆ ಕೂರುತ್ತದೆ. ಜಾಲಿ ತೊಲೆ ಕಿರ್ರೆನ್ನುತ್ತದೆ. ಅದರ ಮೈಮೇಲೆ ಒಂದು ಸೀಳು ಕೂದಲಿನಂತೆ ಮೂಡಿ, ಗೇಣುದ್ದ ಓಡಿ, ನಿಲ್ಲುತ್ತದೆ.

ಹಮಾಲರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

“ಗುಂಡು,” ಜ್ಞಾನು ಕೇಳುತ್ತಾರೆ, “ಬಂದಾನೇನ ಹೊರಗ?”

“ಇಲ್ರಿ. ಎದಿ ಬಿಟ್ಟೈತಿ. ಸೊಂಟಾ ಇನ್ನಾ ಸಿಕ್ಕೈತಿ. ನಾಕ ಬೆರಳ ಬೇಕ್ರಿ.”

ಕೊಕ್ಕೆಯಿಂದ ಎಳೆದರೆ ತುಂಡು ಬರುವುದಿಲ್ಲ, ಭಾರವೆಲ್ಲ ಈಗ ಅದರ ಮೇಲಿದೆ. ಬಡಿದೇ ತೆಗೆಯಬೇಕು. ಜ್ಞಾನು ಕೆಳಗಿಳಿದು ಆರಡಿಯ ಕಬ್ಬಿಣದ ಹಾರೆ ಎತ್ತಿಕೊಳ್ಳುತ್ತಾರೆ. ಸರಪಳಿಯನ್ನು ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಸಿಲಿಂಡರಿನ ತಲೆ ನೋಡುತ್ತಾರೆ, ಎಣ್ಣೆ ಸೋರುತ್ತಿರುವ ದಾರ ನೋಡುತ್ತಾರೆ. ಮನಸ್ಸಿನಲ್ಲಿಯೇ ಏನೋ ಎಣಿಸುತ್ತಾರೆ. ಆಮೇಲೆ ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ:

“ಈಗ ಕಟ್ಟಿಗಿ ಹಿಡದೈತಿ. ಕಟ್ಟಿಗಿ ಬಿಟ್ರ ಎಣ್ಣಿ ಹಿಡಿತೈತಿ. ಆ ತೂತು ಸಣ್ಣದೈತಿ, ಎಣ್ಣಿ ಒಮ್ಮೆಲೆ ಹೋಗೂದಿಲ್ಲ. ಮೂರ ಬೆರಳ ಇಳಿದು ಕೆಳಗಿನ ತುಂಡಿನ ಮ್ಯಾಲ ಕೂಡತೈತಿ. ಗುಂಡು, ಹಗ್ಗಾ ಬಿಗಿ ಹಿಡಿ. ಹಣಮಪ್ಪಾ, ಬೇಲು ಜಾರತೈತಿ, ನೀ ಜಾರಬ್ಯಾಡ. ಮ್ಯಾಲಿನ ತೊಲಿ ತಬ್ಬಿ ಹಿಡಿ.”

ಇಬ್ಬರು ಹಮಾಲರು ಜಾಲಿ ತೊಲೆಯ ಬುಡಕ್ಕೆ ಅಡ್ಡ ಕೊಟ್ಟು ದೂರ ಸರಿಯುತ್ತಾರೆ. ಜ್ಞಾನು ಯಂತ್ರದ ಪಕ್ಕಕ್ಕೆ, ಕಂಬ ಬಿದ್ದರೂ ಮುಟ್ಟದ ಜಾಗದಲ್ಲಿ ನಿಂತು, ಹಾರೆಯ ತುದಿಯನ್ನು ಮೇಲಿನ ತುಂಡಿಗೆ ಗುರಿಯಿಟ್ಟು ಬಡಿಯುತ್ತಾರೆ. ಅಲ್ಲಾಡುವುದಿಲ್ಲ. ಇನ್ನೊಮ್ಮೆ. ತುಂಡು ಅರ್ಧ ಹೊರಗೆ. ಮೂರನೇ ಏಟಿಗೆ ಅದು ಹಾರಿ ಗೋಡೆಗೆ ಬಡಿಯುತ್ತದೆ.

ಕಂಬ ಇಳಿಯುತ್ತದೆ. ಬೀಳುವುದಿಲ್ಲ, ಇಳಿಯುತ್ತದೆ. ಮೇಲಿನಿಂದ ಹಣಮಪ್ಪನ ಒಂದು ಚೀತ್ಕಾರ, ಅದರ ಬೆನ್ನಿಗೆ ಗುಂಡುವಿನ ಕೂಗು:

“ಬಂದಾನ್ರೀ! ಹೊರಗ ಬಂದಾನ!”

ಒಟ್ಟಿಲಿನ ಹಿಂಬದಿಯಿಂದ ಹಣಮಪ್ಪನನ್ನು ಹಲಗೆಯ ಮೇಲೆ ಮಲಗಿಸಿ ಇಳಿಸುತ್ತಾರೆ. ಗಿರಣಿಯ ಲಾರಿಯಲ್ಲಿ ಹತ್ತಿಯನ್ನೇ ಹಾಸಿ ದವಾಖಾನೆಗೆ ಒಯ್ಯುತ್ತಾರೆ. ಗಡಿಯಾರ ಏಳಕ್ಕೆ ಐದು ನಿಮಿಷ ತೋರಿಸುತ್ತಿದೆ. ಒಂದು ತಾಸು ಐದು ನಿಮಿಷ.

ಹಮಾಲರು ಜ್ಞಾನು ಅವರ ಕೈಗೆ ಚಹಾ ಕೊಡುತ್ತಾರೆ. ಅವರು ಅದನ್ನು ನೆಲದ ಮೇಲಿಟ್ಟು, ಮತ್ತೆ ಯಂತ್ರದ ಕಡೆಗೆ ತಿರುಗುತ್ತಾರೆ.

ಬೇಲುಗಳನ್ನು ಇಳಿಸಿ, ಕಂಬವನ್ನು ಪೂರ್ತಿ ನೆಲಕ್ಕೆ ತಂದ ಮೇಲೆ ಜ್ಞಾನು ಸಿಲಿಂಡರಿನ ಬುಡದ ಆ ಬಾಗಿಲು ಬಿಚ್ಚುತ್ತಾರೆ. ಒಳಗೆ ಜೋಳದ ಕಾಳಿನಷ್ಟು ದೊಡ್ಡ, ಗಟ್ಟಿಯಾದ ಕಪ್ಪು ಉಂಡೆಯೊಂದಿದೆ. ಅಂಗೈಯಲ್ಲಿ ಬಿಡಿಸಿದರೆ ಹತ್ತಿ. ಗಿರಣಿಯ ಗಾಳಿಯಲ್ಲಿ ಹಾರುವ ಎಳೆಗಳು ತೆರೆದಿಟ್ಟ ಎಣ್ಣೆ ಡಬ್ಬಿಯಲ್ಲಿ ಬಿದ್ದು, ಯಂತ್ರದೊಳಗೆ ಸೇರಿ, ದಿನದಿನಕ್ಕೆ ಹೆಣೆದುಕೊಂಡು ಇಷ್ಟಾಗಿವೆ.

“ಒಮ್ಮೆಲೆ ನಿಂತಿರಾಕಿಲ್ಲ ಇದು,” ಜ್ಞಾನು ಗುಂಡುವಿನ ಮುಖ ನೋಡುತ್ತಾರೆ. “ಮೊದಲ ಸಾವಕಾಶ ಇಳದಿರಬೇಕು.”

ಗುಂಡು ಬಾಹುಬಲಿಯವರನ್ನು ನೋಡಿ ತಲೆ ತಗ್ಗಿಸುತ್ತಾನೆ. ಬಾಹುಬಲಿಯವರೇ ಮಾತಾಡುತ್ತಾರೆ.

“ಎಂಟ ದಿನಾ ಆತ್ರಿ. ಅಂವ ದಿನಾ ಹೇಳತಿದ್ದ, ಕಂಬ ಭಾಳ ಸಾವಕಾಶ ಇಳ್ಯಾಕತ್ತೈತಿ ಅಂತ. ನಾನs ಅಂದೆ, ನಡೀತೈತಲಾ, ನಡಸು ಅಂತ.” ಮತ್ತೊಮ್ಮೆ ಹೇಳುತ್ತಾರೆ: “ನಾನs ಅಂದೆ.”

ಜ್ಞಾನು ಅವರನ್ನು ಬಯ್ಯುವುದಿಲ್ಲ. ಎಣ್ಣೆ ಡಬ್ಬಿ ತರಿಸಿ, ಹಳೆಯ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರ ಬಾಯಿಗೆ ಕಟ್ಟಿ, ಎಣ್ಣೆ ಸೋಸುವುದನ್ನು ಗುಂಡುವಿಗೂ ಬಾಹುಬಲಿಯವರಿಗೂ ಒಟ್ಟಿಗೆ ತೋರಿಸುತ್ತಾರೆ.

ಮನೆಗೆ ಬಂದಾಗ ಅವರ ಹೆಂಡತಿ ಪಾರುಬಾಯಿ ಬಾಗಿಲಲ್ಲೇ ನಿಂತಿದ್ದಾರೆ. ಅವರು ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸ ಮಾಡುತ್ತಾರೆ, ಇವತ್ತು ಹೋಗಿಲ್ಲ. ಗಂಡನ ಎರಡೂ ಕೈ ಹಿಡಿದು ಬೆರಳು ಎಣಿಸಿದಂತೆ ನೋಡಿ, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂರುತ್ತಾರೆ. “ಇವರ ಬರೂತನಕ ನನಗೂ ಒಂದ ಕಂಬ ಮ್ಯಾಲ ನಿಂತಂಗs ಆಗಿರತೈತ್ರಿ,” ಎನ್ನುತ್ತಾರೆ ನನಗೆ, ಒಲೆಯ ಕಡೆ ಮುಖ ಮಾಡಿಕೊಂಡೇ.

ಊಟದ ಮೇಲೆ ನಾನು ಕೇಳುತ್ತೇನೆ: ಈ ಕೆಲಸದಲ್ಲಿ ನಿಮಗೆ ಏನಾಗಬೇಕು ಅನಿಸುತ್ತದೆ? ಗಿರಣಿಯಲ್ಲಿ ಕಾಯಂ ನೌಕರಿಯೇ? ಸ್ವಂತ ವರ್ಕ್‌ಶಾಪೇ?

“ಸಾವಕಾಶ ಇಳ್ಯಾಕತ್ತಾಗs ಕರೀಬೇಕ್ರಿ,” ಎನ್ನುತ್ತಾರೆ ಜ್ಞಾನು. “ಇಪ್ಪತ್ತಾರ ಸಲ ಹೋಗೇನಿ, ಇವತ್ತಿಂದ ಇಪ್ಪತ್ತೇಳು. ಎಲ್ಲಾ ಸಲನೂ ನಿಂತ ಮ್ಯಾಲ. ನಡ್ಯೂ ಯಂತ್ರ ನೋಡಾಕ ಯಾರೂ ಕರದಿಲ್ಲ. ಕರದ್ರ ಅರ್ಧಾ ತಾಸಿನ ಕೆಲಸ. ಯಾರೂ ಮ್ಯಾಲ ಸಿಗಬೀಳೂದಿಲ್ಲ, ಯಾರ ಹೆಸರೂ ಹೊರಗ ಬರೂದಿಲ್ಲ.”

ಹಣಮಪ್ಪನ ಸೊಂಟದ ಮೂಳೆ ಸೀಳಿದೆ. ಆರು ವಾರ ಮಲಗಿರಬೇಕು, ನಡೆಯುತ್ತಾನೆ ಎಂದು ವೈದ್ಯರು ಹೇಳಿದ್ದಾರೆ. ಗಿರಣಿಯಲ್ಲಿ ಈಗ ಬೇಲಿನ ಮೇಲೆ ಯಾರೂ ಕೂರುವಂತಿಲ್ಲ, ಏಣಿ ಬಂದಿದೆ.

ಹನ್ನೆರಡು ದಿನದ ಮೇಲೆ, ಬರೆದದ್ದನ್ನು ಓದಿ ಹೇಳಲು ನಾನು ಮತ್ತೆ ಕಬನೂರಿಗೆ ಹೋದೆ. ಜ್ಞಾನು ಅಂಗಳದಲ್ಲಿ ಚರ್ಮದ ವಾಶರು ಒತ್ತುತ್ತಿದ್ದರು. ಅರ್ಧ ಓದಿರುವಾಗ ಧೂಳು ತುಂಬಿದ ಮುಖದ ಒಬ್ಬರು ಬಾಗಿಲಿಗೆ ಬಂದರು. ಗಡಹಿಂಗ್ಲಜದಿಂದ ಎಸ್‌ಟಿ ಬಸ್ಸಿನಲ್ಲಿ ಬಂದವರು, ಶೇಂಗಾ ಗೋದಾಮಿನ ಫೋರ್ಕ್‌ಲಿಫ್ಟಿನ ಚಾಲಕ, ಜಿನಗೊಂಡ ಎಂದು ಹೆಸರು.

ಜ್ಞಾನು ಆಗಲೇ ಎದ್ದು ಚೀಲಕ್ಕೆ ಕೈ ಹಾಕಿದ್ದರು. “ಯಾರ ಸಿಕ್ಕಾರ? ಎಷ್ಟ ಎತ್ತರದಾಗ ನಿಂತೈತಿ?”

“ಯಾರೂ ಸಿಕ್ಕಿಲ್ರಿ ಮಿಸ್ತ್ರಿ. ನಿಂತೂ ಇಲ್ಲ.” ಜಿನಗೊಂಡ ಸಂಕೋಚದಿಂದ ಟೊಪ್ಪಿಗೆ ಸರಿಮಾಡಿಕೊಂಡರು. “ಯಂತ್ರ ಚೊಲೋ ನಡ್ಯಾಕತ್ತೈತಿ. ನಿನ್ನಿಯಿಂದ ಕಂಬ ಒಂದೀಟ ಸಾವಕಾಶ ಇಳಿದಂಗ ಅನಸ್ತು. ನನಗs ಹಂಗ ಅನಸಾಕತ್ತೈತೋ ಏನೋ. ಒಮ್ಮೆ ಬಂದು ನೋಡತೀರೇನ್ರಿ?”

ಜ್ಞಾನು ಚೀಲ ಹಿಡಿದುಕೊಂಡೇ ನಿಂತರು. ಆಮೇಲೆ ಒಳಗೆ ತಿರುಗಿ ಕೂಗಿದರು.

“ಪಾರೂ, ಕೇಳಿದೇನ? ನಡ್ಯೂ ಯಂತ್ರಕ್ಕ ಕರ್ಯಾಕ ಬಂದಾರ!”

ಒಳಗಿನಿಂದ ಉತ್ತರ ಬರುವ ಮೊದಲೇ ಅವರು ಜಿನಗೊಂಡರಿಗೆ ಕಂಬಳಿ ಹಾಸಿದರು. “ಕುಂದರ್ರಿ. ಅವಸರ ಏನೂ ಇಲ್ಲ. ಇವತ್ತ ಚಹಾ ಕುಡದs ಹೋಗೂಣು.”